ಅವಳಿ ಮಕ್ಕಳ ಮೊದಲ ವರ್ಷ: ಕೆಲಸ ಒಟ್ಟಿಗೆ, ಲೆಕ್ಕ ಬೇರೆ ಬೇರೆ

ಅವಳಿ ಮಕ್ಕಳಿರುವ ಮನೆಯಲ್ಲಿ ತೊಂದರೆ ಶುರುವಾಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಟ್ಟಿಗೆ ಮಾಡಿ ಮುಗಿಸಬಹುದಾದ ಕೆಲಸವನ್ನು ಎರಡೆರಡು ಸಲ ಮಾಡಿ ಮನೆಮಂದಿಯೆಲ್ಲ ಸೋತುಹೋಗುವುದು ಒಂದು. ಬೇರೆ ಬೇರೆ ಇಡಬೇಕಾದ ಲೆಕ್ಕವನ್ನು ಕಲಸಿಬಿಡುವುದು ಇನ್ನೊಂದು. ‘ಮಕ್ಕಳು ಹಾಲು ಕುಡಿದರು’, ‘ಮಕ್ಕಳಿಗೆ ಡ್ರಾಪ್ಸ್ ಹಾಕಾಯ್ತು’ ಅಂದಾಗ ಯಾವ ಮಗು, ಎಷ್ಟು, ಯಾವಾಗ ಅನ್ನುವುದು ಅಲ್ಲೇ ಕಳೆದುಹೋಗಿರುತ್ತದೆ. ಹಾಲು, ನಿದ್ದೆ, ಸ್ನಾನ ಆದಷ್ಟು ಒಟ್ಟಿಗೆ ಆಗಲಿ. ತೂಕ, ಮೂತ್ರ, ಔಷಧಿ, ಲಸಿಕೆ, ಬೆಳವಣಿಗೆ ಮಾತ್ರ ಕಟ್ಟುನಿಟ್ಟಾಗಿ ಬೇರೆ ಬೇರೆ ಇರಲಿ.

ಆಸ್ಪತ್ರೆ ಬಿಡುವ ಮುಂಚೆ

ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮುಂಚೆಯೇ ಹುಟ್ಟುತ್ತಾರೆ. ಎರಡು ಕೆಜಿ ಆಸುಪಾಸಿನ ತೂಕ, ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಕೆಲವು ದಿನ, ಒಂದು ಮಗು ಮೊದಲು ಮನೆಗೆ, ಇನ್ನೊಂದು ವಾರ ಬಿಟ್ಟು: ಇದೆಲ್ಲ ಅಪರೂಪವಲ್ಲ. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಬಿಟ್ಟುಹೋಗುವ ಕೆಲಸಗಳು ಇವು.

1. ಎರಡೂ ಮಕ್ಕಳ ಡಿಸ್ಚಾರ್ಜ್ ಸಮರಿ ಬೇರೆ ಬೇರೆ ಇರಬೇಕು. ಆಸ್ಪತ್ರೆಯವರು ತಾಯಿಯ ಹೆಸರಿನ ಜೊತೆ ‘ಟ್ವಿನ್ 1’, ‘ಟ್ವಿನ್ 2’ ಎಂದಷ್ಟೇ ಬರೆದಿರುತ್ತಾರೆ. ಹೆಸರಿಟ್ಟ ದಿನವೇ ಯಾವ ಹೆಸರಿನ ಮಗು 1, ಯಾವುದು 2 ಎಂದು ಎರಡೂ ಕಾಗದದ ಮೇಲೆ ಬರೆದಿಡಿ. ಆರು ತಿಂಗಳಾದ ಮೇಲೆ ‘ಕಾಮಾಲೆಗೆ ಲೈಟ್‌ನಲ್ಲಿ ಇಟ್ಟದ್ದು ಯಾವ ಮಗುವನ್ನು?’ ಎಂದು ಡಾಕ್ಟರು ಕೇಳಿದರೆ ಅಜ್ಜಿ ಒಂದು ಹೇಳುತ್ತಾರೆ, ಅಪ್ಪ ಇನ್ನೊಂದು ಹೇಳುತ್ತಾನೆ.

2. ಹುಟ್ಟಿದಾಗ ಎಷ್ಟು ವಾರ, ಎಷ್ಟು ದಿನ ತುಂಬಿತ್ತು, ಪ್ರತಿ ಮಗುವಿನ ತೂಕ ಎಷ್ಟು, ಮಾಸು ಒಂದೇ ಇತ್ತೋ ಎರಡೋ, ಇವು ಸಮರಿಯಲ್ಲಿ ಇವೆಯೇ ನೋಡಿ. ಒಂದೇ ಮಾಸು ಹಂಚಿಕೊಂಡ ಅವಳಿಗಳಲ್ಲಿ ಒಬ್ಬರಿಂದ ಒಬ್ಬರಿಗೆ ರಕ್ತ ಹರಿಯುವ ತೊಂದರೆ ಆಗಿದ್ದರೆ, ಅಥವಾ ಇಬ್ಬರ ತೂಕದಲ್ಲಿ ಕಾಲು ಭಾಗದಷ್ಟು ವ್ಯತ್ಯಾಸವಿದ್ದರೆ, ಬೆಳವಣಿಗೆಯ ತಪಾಸಣೆ ಹೆಚ್ಚು ಸಲ ಬೇಕಾಗುತ್ತದೆ.

3. ಕಣ್ಣಿನ ಪರೀಕ್ಷೆಯ ತಾರೀಖು ಕೇಳಿ ಪಡೆಯಿರಿ. 34 ವಾರಕ್ಕೂ ಮುಂಚೆ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕವಿದ್ದ ಮಗುವಿಗೆ ಆರ್‌ಒಪಿ, ಅಂದರೆ ಅಕ್ಷಿಪಟಲದ ರಕ್ತನಾಳ ಅಡ್ಡಾದಿಡ್ಡಿ ಬೆಳೆಯುವ ತೊಂದರೆ, ಇದೆಯೇ ಎಂದು ಹುಟ್ಟಿ 30 ದಿನದೊಳಗೆ ನೋಡಲೇಬೇಕು. ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ, 2–3 ವಾರಕ್ಕೆ. ‘ಒಂದಕ್ಕೆ ನಾರ್ಮಲ್ ಬಂತು, ಇನ್ನೊಂದಕ್ಕೂ ಹಾಗೇ ಇರುತ್ತೆ’ ಎಂದುಕೊಳ್ಳಬಾರದು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಸಮಯ ಮೀರಿದರೆ ದೃಷ್ಟಿ ವಾಪಸ್ ಬರುವುದಿಲ್ಲ. ಜಿಲ್ಲಾ ಕೇಂದ್ರಗಳ ನವಜಾತ ಶಿಶು ಘಟಕಗಳಿಗೇ ಕ್ಯಾಮೆರಾ ಒಯ್ದು ಈ ಪರೀಕ್ಷೆ ಮಾಡುವ ‘ಕಿಡ್ರಾಪ್’ ಕಾರ್ಯಕ್ರಮವನ್ನು ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿತು. ನಿಮ್ಮ ಜಿಲ್ಲೆಯಲ್ಲಿ ಎಲ್ಲಿ ಆಗುತ್ತದೆ ಎಂದು ಮಕ್ಕಳ ಡಾಕ್ಟರನ್ನೇ ಕೇಳಿ.

4. ಕಿವಿಯ ಸ್ಕ್ರೀನಿಂಗ್ ಮೊದಲ ತಿಂಗಳೊಳಗೆ ಮುಗಿಯಲಿ. ‘ಚಪ್ಪಾಳೆ ತಟ್ಟಿದರೆ ತಿರುಗುತ್ತೆ’ ಅನ್ನುವುದು ಪರೀಕ್ಷೆಯಲ್ಲ. ಅವಳಿಗಳಲ್ಲಂತೂ ಒಂದು ತಿರುಗಿದ್ದನ್ನು ನೋಡಿ ಇನ್ನೊಂದು ತಿರುಗಿಬಿಡಬಹುದು.

ಜನನ ನೋಂದಣಿ 21 ದಿನದೊಳಗೆ ಉಚಿತ. ಎರಡು ಮಕ್ಕಳಿಗೆ ಎರಡು ಪ್ರತ್ಯೇಕ ನೋಂದಣಿ ಆಗಿರಬೇಕು. ಹುಟ್ಟಿದ ಸಮಯ ಇಬ್ಬರದೂ ಆಸ್ಪತ್ರೆ ದಾಖಲೆಯಲ್ಲಿ ಬೇರೆ ಬೇರೆ ಇದೆಯೇ ಎಂದೂ ನೋಡಿಕೊಳ್ಳಿ. ಜಾತಕ ಬರೆಸುವ ಮನೆಯವರು ಹೇಗೂ ಕೇಳುತ್ತಾರೆ. ಹೆಸರಿನ ವಿಷಯದಲ್ಲಿ ಒಂದು ಮಾತು: ರಕ್ಷಿತ್–ರಕ್ಷಿತಾ, ಧ್ಯಾನ–ಧನ್ಯ ಅಂಥ ಜೋಡಿ ಕೇಳಲು ಚಂದ. ಔಷಧಿ ಚೀಟಿ, ಲ್ಯಾಬ್ ರಿಪೋರ್ಟ್, ಮುಂದೆ ಶಾಲೆಯ ಹಾಜರಿ ಎಲ್ಲದರಲ್ಲೂ ಅದಲುಬದಲಾಗುವುದೂ ಇಂಥ ಹೆಸರುಗಳೇ. ಮೊದಲ ಅಕ್ಷರ ಬೇರೆ ಇದ್ದರೆ ಮಗುವಿಗೂ ತನ್ನ ಹೆಸರು ಯಾವುದೆಂದು ಹಿಡಿಯುವುದು ಸುಲಭ.

ಒಂದೇ ತದ್ರೂಪಿನ ಮಕ್ಕಳಾದರೆ ಆಸ್ಪತ್ರೆಯ ಕೈಪಟ್ಟಿ ತೆಗೆಯುವ ಮುಂಚೆ ಒಂದು ಮಗುವಿನ ಕಾಲಿನ ಹೆಬ್ಬೆರಳ ಉಗುರಿಗೆ ಬಣ್ಣ ಹಚ್ಚಿ, ವಾರಕ್ಕೊಮ್ಮೆ ಮತ್ತೆ ಹಚ್ಚುತ್ತಿರಿ. ಕೈಗೆ ದಾರ ಕಟ್ಟುವುದಾದರೆ ಸಡಿಲ ನೋಡಿಕೊಳ್ಳಿ, ಮಗು ಬೆಳೆದಂತೆ ಅದು ಬಿಗಿಯಾಗುತ್ತದೆ. ಕತ್ತಿಗೆ ಏನೂ ಬೇಡ. ಬಟ್ಟೆಯ ಬಣ್ಣವನ್ನು ನಂಬಬೇಡಿ. ನಡುರಾತ್ರಿ ಕೈಗೆ ಸಿಕ್ಕ ಅಂಗಿಯನ್ನೇ ಎಲ್ಲರೂ ಹಾಕುವುದು.

ಒಂದು ನೋಟ್‌ಬುಕ್

ಮೊಬೈಲ್ ಆ್ಯಪ್ ಇದ್ದರೂ ಅಜ್ಜಿ, ಅತ್ತೆ, ಕೆಲಸದವರು ಎಲ್ಲರೂ ಬರೆಯುವುದು ಪುಸ್ತಕದಲ್ಲೇ. ನೂರು ಪುಟದ ನೋಟ್‌ಬುಕ್ ತೆರೆದರೆ ಎಡಪುಟ ಒಂದು ಮಗುವಿಗೆ, ಬಲಪುಟ ಇನ್ನೊಂದಕ್ಕೆ. ಪ್ರತಿ ಪುಟದಲ್ಲಿ ಐದು ಕಾಲಂ ಸಾಕು: ಸಮಯ, ಹಾಲು (ಎದೆಯಿಂದಾದರೆ ಯಾವ ಬದಿ, ಒಳಲೆಯಲ್ಲಾದರೆ ಎಷ್ಟು ಎಂಎಲ್), ಮೂತ್ರ, ಮಲ, ಔಷಧಿ. ಪೆನ್ನನ್ನು ದಾರ ಕಟ್ಟಿ ಪುಸ್ತಕಕ್ಕೇ ನೇತುಹಾಕಿ. ಮೊದಲ ಎಂಟು ವಾರ ಬಿಡದೆ ಬರೆಯಿರಿ, ಆಮೇಲೆ ಔಷಧಿ ಮತ್ತು ತೂಕ ಮಾತ್ರ ಸಾಕು.

ಹಾಲು

ಇಲ್ಲಿ ಅವಸರ ಮಾಡಿದವರಿಗೇ ತೊಂದರೆ ಹೆಚ್ಚು. ಇಬ್ಬರಿಗೂ ಸಾಲುವಷ್ಟು ಎದೆಹಾಲು ಬರುವುದು ಸಾಧ್ಯ. ಆದರೆ ಹಾಲು ಬರುವುದು ಎದೆ ಖಾಲಿಯಾದಷ್ಟೂ. ಮಕ್ಕಳು ಎನ್‌ಐಸಿಯುನಲ್ಲಿದ್ದು ಎದೆ ಚೀಪುತ್ತಿಲ್ಲವಾದರೆ ಹೆರಿಗೆಯಾದ ಮೊದಲ ಆರು ಗಂಟೆಯೊಳಗೆ ಕೈಯಿಂದ ಹಿಂಡಲು ಶುರುಮಾಡಿ, ದಿನಕ್ಕೆ ಎಂಟು ಸಲ, ಸಲಕ್ಕೆ 15–20 ನಿಮಿಷ. ಅದರಲ್ಲಿ ಒಂದು ಸಲ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಇರಲಿ. ಮೊದಲ ಎರಡು ದಿನ ಬರುವುದು ಕೆಲವೇ ಹನಿ. ‘ಇವಳಿಗೆ ಹಾಲೇ ಇಲ್ಲ’ ಎಂದು ಯಾರಾದರೂ ಅನ್ನುವುದೂ ಆ ಎರಡು ದಿನದಲ್ಲೇ.

ತಿಂಗಳು ತುಂಬದೆ, ಅಂದರೆ 37 ವಾರಕ್ಕೂ ಮುಂಚೆ, ಹುಟ್ಟಿದ ಮಗುವಿಗೆ ಹಸಿದರೂ ಅಳುವ ಶಕ್ತಿ ಇರುವುದಿಲ್ಲ. ನಿದ್ದೆ ಮಾಡುತ್ತಲೇ ತೂಕ ಇಳಿಸಿಕೊಳ್ಳುತ್ತದೆ. ಆದ್ದರಿಂದ ಮೊದಲ ವಾರಗಳಲ್ಲಿ ಗಡಿಯಾರ ನೋಡಿಯೇ ಎಬ್ಬಿಸಿ: ಎರಡರಿಂದ ಮೂರು ಗಂಟೆಗೊಮ್ಮೆ, 24 ಗಂಟೆಯಲ್ಲಿ ಪ್ರತಿ ಮಗುವಿಗೆ 8ರಿಂದ 12 ಸಲ. ಬಟ್ಟೆ ಸಡಿಲಿಸಿ, ಅಂಗಾಲು ಮೆಲ್ಲಗೆ ಉಜ್ಜಿ, ಎದೆಗೆ ಹಾಕಿ.

ಹಿಂಡಿದ ಹಾಲು ಕೊಡುವುದಾದರೆ ಒಳಲೆ ಬಾಟಲಿಗಿಂತ ಒಳ್ಳೆಯದು. ತೊಳೆದು ಕುದಿಸುವುದು ಸುಲಭ, ನಿಪ್ಪಲ್‌ಗೆ ಒಗ್ಗಿಕೊಂಡು ಮಗು ಎದೆ ಬಿಡುವ ಭಯವೂ ಕಡಿಮೆ. ಮಗುವನ್ನು ತೊಡೆಯ ಮೇಲೆ ಅರ್ಧ ಕೂತಂತೆ ಎತ್ತಿ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಯ ಮೂಲೆಗೆ ತಾಗಿಸಿ, ಸ್ವಲ್ಪ ಸ್ವಲ್ಪ ಬಗ್ಗಿಸಿ. ಒಂದು ಗುಟುಕು ನುಂಗಿದ ಮೇಲೆಯೇ ಇನ್ನೊಂದು. ಮಲಗಿಸಿಕೊಂಡು ಗಂಟಲಿಗೆ ಸುರಿದರೆ ಹಾಲು ನೆತ್ತಿಗೇರುತ್ತದೆ. ಪ್ರಮಾಣ ಡಾಕ್ಟರು ಬರೆದಷ್ಟೇ. ಅಂದಾಜಿಗೆ, ಮೊದಲ ವಾರ ಕಳೆದ ಮೇಲೆ ಕೆಜಿಗೆ ದಿನಕ್ಕೆ ಸುಮಾರು 150 ಎಂಎಲ್. ಎರಡು ಕೆಜಿ ಮಗುವಿಗೆ ಅದು 300 ಎಂಎಲ್, ಎರಡು ಗಂಟೆಗೊಮ್ಮೆಯಾದರೆ ಸಲಕ್ಕೆ 25 ಎಂಎಲ್. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಇಡಬಹುದು, ರಾಯಚೂರು–ಕಲಬುರಗಿ ಬೇಸಿಗೆಯಲ್ಲಿ ಅದಕ್ಕೂ ಬೇಗ ಬಳಸಿ. ಫ್ರಿಜ್‌ನಲ್ಲಿ ಒಂದು ದಿನ. ಬಾಗಿಲಿನ ಅರೆಯಲ್ಲಿ ಬೇಡ, ಒಳಗೆ ಹಿಂಬದಿಯಲ್ಲಿಡಿ. ಒಬ್ಬರು ಕುಡಿದು ಉಳಿಸಿದ್ದನ್ನು ಮುಂದಿನ ಸಲಕ್ಕೆ ಎತ್ತಿಡಬೇಡಿ.

ಇಬ್ಬರಿಗೂ ಒಟ್ಟಿಗೆ ಎದೆಹಾಲು ಕೊಡುವುದು ಮೊದಲ ದಿನದ ಕೆಲಸವಲ್ಲ. ಪ್ರತಿ ಮಗುವೂ ಒಂಟಿಯಾಗಿ ಚೆನ್ನಾಗಿ ಬಾಯಿ ಹಾಕಲು ಕಲಿತ ಮೇಲೆ, ಸಾಮಾನ್ಯವಾಗಿ ಎರಡು ಮೂರು ವಾರ ಕಳೆದು, ಶುರುಮಾಡಿ. ವಿಧಾನ ಹೀಗೆ:

– ಗೋಡೆಗೆ ಬೆನ್ನು ಕೊಟ್ಟು ಕೂತು, ಸೊಂಟದ ಹಿಂದೆ ಒಂದು ದಿಂಬು. ಮಂಚದ ಮೇಲಾದರೆ ಕಾಲ ಕೆಳಗೆ ಸ್ಟೂಲ್.
– ಎರಡೂ ಪಕ್ಕಕ್ಕೆ ಗಟ್ಟಿ ದಿಂಬು, ಅದರ ಮೇಲೆ ಮಡಿಸಿದ ಹೊದಿಕೆ. ಮಗುವಿನ ಬಾಯಿ ಮೊಲೆತೊಟ್ಟಿನ ಮಟ್ಟಕ್ಕೆ ಬರುವಷ್ಟು ಎತ್ತರ ಬೇಕು. ತಾಯಿ ಬಗ್ಗಬೇಕಾಗಿ ಬಂದರೆ ಎತ್ತರ ಸಾಲದು ಎಂದರ್ಥ, ಎರಡೇ ದಿನದಲ್ಲಿ ಬೆನ್ನು ಹಿಡಿಯುತ್ತದೆ.
– ಮಕ್ಕಳ ಕಾಲು ತಾಯಿಯ ಕಂಕುಳ ಕೆಳಗಿಂದ ಹಿಂದಕ್ಕೆ, ತಲೆ ಮುಂದಕ್ಕೆ. ಅಂಗೈ ಇರಬೇಕಾದದ್ದು ಮಗುವಿನ ಕತ್ತು–ಹೆಗಲ ಕೆಳಗೆ. ತಲೆಯ ಹಿಂಭಾಗ ಒತ್ತಿ ಹಿಡಿದರೆ ಮಗು ಹಿಂದಕ್ಕೆ ಸೆಟೆಯುತ್ತದೆ.
– ಬಾಯಿ ಹಾಕಲು ಕಷ್ಟಪಡುವ ಮಗುವನ್ನು ಮೊದಲು ಹಾಕಿ, ಆಗ ಎರಡೂ ಕೈ ಖಾಲಿ ಇರುತ್ತದೆ. ಜೋರಾಗಿ ಚೀಪುವ ಮಗು ಆಮೇಲೆ. ಅದು ಚೀಪಿದಾಗ ಎರಡೂ ಎದೆಯಲ್ಲಿ ಹಾಲು ಇಳಿಯುತ್ತದೆ, ನಿಧಾನದ ಮಗುವಿಗೂ ಲಾಭ.
– ಇಂದು ಎಡ ಎದೆ ಒಂದು ಮಗುವಿಗೆ, ನಾಳೆ ಇನ್ನೊಂದಕ್ಕೆ. ಒಂದೇ ಬದಿಗೆ ಒಂದೇ ಮಗುವನ್ನು ರೂಢಿ ಮಾಡಿದರೆ ನಿಧಾನ ಚೀಪುವ ಮಗುವಿನ ಬದಿಯಲ್ಲಿ ಹಾಲು ಕಡಿಮೆಯಾಗುತ್ತಾ ಹೋಗುತ್ತದೆ.

ತೇಗು ಬರಿಸಲು ಇನ್ನೊಬ್ಬರಿದ್ದರೆ ಒಳ್ಳೆಯದು. ಒಬ್ಬರೇ ಇದ್ದರೆ ಒಂದನ್ನು ಹೆಗಲಿಗೆ ಹಾಕಿ ಬೆನ್ನು ಸವರಿ, ಇನ್ನೊಂದು ಕುಡಿಯುತ್ತಲೇ ಇರಲಿ.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ. ಐದನೇ ದಿನದಿಂದ ಪ್ರತಿ ಮಗು 24 ಗಂಟೆಯಲ್ಲಿ ಕನಿಷ್ಠ ಆರು ಸಲ ಮೂತ್ರ ಮಾಡಬೇಕು. ಹುಟ್ಟಿದ ಮೇಲೆ ತೂಕ ಸ್ವಲ್ಪ ಇಳಿದು ಎರಡು ವಾರದ ಸುಮಾರಿಗೆ ಮೊದಲಿನಷ್ಟಾಗುತ್ತದೆ, ತಿಂಗಳು ತುಂಬದವರಿಗೆ ಇನ್ನೊಂದು ವಾರ ಹಿಡಿಯಬಹುದು. ಆಮೇಲೆ ದಿನಕ್ಕೆ 20–30 ಗ್ರಾಂ ಏರಿಕೆ ಇರಬೇಕು. ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿ. ಇವತ್ತು ಕ್ಲಿನಿಕ್ ತಕ್ಕಡಿ, ಮುಂದಿನ ವಾರ ಅಂಗನವಾಡಿಯದು ಎಂದಾದರೆ 100 ಗ್ರಾಂ ವ್ಯತ್ಯಾಸ ತಕ್ಕಡಿಯದೋ ಮಗುವಿನದೋ ತಿಳಿಯುವುದಿಲ್ಲ.

ಒಂದರ ತೂಕ ಏರಿ ಇನ್ನೊಂದರದು ನಿಂತರೆ ಇಬ್ಬರಿಗೂ ಡಬ್ಬದ ಹಾಲು ಶುರುಮಾಡುವ ಅಗತ್ಯವಿಲ್ಲ. ಹಿಂದುಳಿದ ಮಗುವಿಗೆ ಎದೆಹಾಲಿನ ನಂತರ ಹಿಂಡಿದ ಹಾಲನ್ನು ಒಳಲೆಯಲ್ಲಿ ಕೊಡಿ. ಅದರಲ್ಲೂ ಕೊನೆಗೆ ಬರುವ ಕೆನೆಹಾಲು ಆ ಮಗುವಿಗೇ ಮೀಸಲಿರಲಿ. ಡಾಕ್ಟರು ಹೇಳಿ ಡಬ್ಬದ ಹಾಲು ಕೊಡಬೇಕಾಗಿ ಬಂದರೆ ಡಬ್ಬದೊಳಗಿನ ಚಮಚವನ್ನೇ ಬಳಸಿ, ತಲೆಮಟ್ಟ ಸವರಿ, ಡಬ್ಬದ ಮೇಲೆ ಬರೆದಷ್ಟೇ ನೀರು ಹಾಕಿ. ಎರಡು ಮಕ್ಕಳಿಗೆ ಡಬ್ಬ ಬೇಗ ಖಾಲಿಯಾಗುತ್ತದೆಂದು ನೀರು ಹೆಚ್ಚಿಸುವುದು ಗುಟ್ಟಾಗಿ ನಡೆಯುತ್ತದೆ, ತೂಕ ನಿಲ್ಲಲು ಅದೂ ಒಂದು ಕಾರಣ. ಜೇನುತುಪ್ಪ, ಬಜೆ ತೇಯ್ದ ನೀರು, ಗುಟ್ಟಿ, ಸಕ್ಕರೆ ನೀರು ಯಾವುದೂ ಬೇಡ. ಜೇನುತುಪ್ಪದಿಂದ ವರ್ಷದೊಳಗಿನ ಮಗುವಿಗೆ ಬೊಟುಲಿಸಂ ಎಂಬ ನಂಜು ಬರಬಹುದು.

ಬೆಚ್ಚಗೆ, ನಿದ್ದೆ

ಎರಡೂವರೆ ಕೆಜಿಗಿಂತ ಕಡಿಮೆ ಇರುವ ಮಕ್ಕಳಿಗೆ ಕಾಂಗರೂ ಆರೈಕೆಗಿಂತ ಒಳ್ಳೆಯ ಹೀಟರ್ ಇಲ್ಲ. ಡೈಪರ್, ಟೋಪಿ, ಕಾಲುಚೀಲ ಮಾತ್ರ ಹಾಕಿ ಮಗುವನ್ನು ಬರಿ ಎದೆಗೆ ಕಪ್ಪೆಯಂತೆ ಅಂಟಿಸಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಮೇಲಿಂದ ಬಟ್ಟೆ ಸುತ್ತಿ. ಮೂಗು–ಬಾಯಿ ಯಾವಾಗಲೂ ಕಾಣುತ್ತಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 8ರಿಂದ 24 ಗಂಟೆ. ತಾಯಿ ಒಬ್ಬಳಿಂದ ಇದು ಆಗದ ಮಾತು. ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರಾದರೂ ಆಗಬಹುದು. ಒಂದು ಮಗು ಅಮ್ಮನ ಎದೆಯಲ್ಲಿ, ಇನ್ನೊಂದು ಅಪ್ಪನ ಎದೆಯಲ್ಲಿ. ಎಣ್ಣೆ ಸ್ನಾನ, ಬಿಸಿನೀರಿನ ಅಬ್ಬರ ಎಲ್ಲ ತೂಕ ಬಂದ ಮೇಲೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸಾಂಬ್ರಾಣಿ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ನಿದ್ದೆಗೆ ಅಂಗಾತ, ಗಟ್ಟಿ ಹಾಸಿಗೆ, ದಿಂಬಿಲ್ಲದೆ, ಮೈಮೇಲೆ ಸಡಿಲ ಹೊದಿಕೆ ಇಲ್ಲದೆ ಮಲಗಿಸಿ. ಇಬ್ಬರೂ ಒಂದೇ ಕೋಣೆಯಲ್ಲಿರಲಿ, ಆದರೆ ಬೇರೆ ಬೇರೆ ಹಾಸಿಗೆ ಅಥವಾ ತೊಟ್ಟಿಲು. ಒಂದೇ ತೊಟ್ಟಿಲಲ್ಲಿ ಇಬ್ಬರನ್ನೂ ಮಲಗಿಸಿದ ಫೋಟೊ ಚಂದ, ಅಭ್ಯಾಸ ಚಂದವಲ್ಲ. ಒಬ್ಬರ ಕೈ ಇನ್ನೊಬ್ಬರ ಮೂಗಿನ ಮೇಲೆ ಬಂದರೆ ತೆಗೆಯುವವರು ಯಾರು? ಸೀರೆಯ ಜೋಳಿಗೆಯಲ್ಲಿ ಮಗುವಿನ ಗದ್ದ ಎದೆಗೆ ಬಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಕತ್ತು ನಿಲ್ಲದ, ತಿಂಗಳು ತುಂಬದ ಮಗುವಿಗೆ ಅದು ಅಪಾಯ.

‘ಒಂದು ಎದ್ದರೆ ಇನ್ನೊಂದನ್ನೂ ಎಬ್ಬಿಸಿ’, ಇದು ಅವಳಿ ಮನೆಯ ಮುಖ್ಯ ನಿಯಮ. ಮಲಗಿದ ಮಗುವನ್ನು ಎಬ್ಬಿಸಲು ಮನಸ್ಸು ಬರುವುದಿಲ್ಲ, ಅಜ್ಜಿಯರು ಬೈಯುತ್ತಾರೆ ಕೂಡ. ಆದರೆ ಎಬ್ಬಿಸದಿದ್ದರೆ ಒಂದು ಮಲಗುವಾಗ ಇನ್ನೊಂದು ಏಳುತ್ತದೆ, ತಾಯಿಗೆ 24 ಗಂಟೆಯಲ್ಲಿ ಒಂದು ಗಂಟೆಯ ಬಿಡುವೂ ಸಿಗುವುದಿಲ್ಲ. ಮೊದಲ ಮಗು ಎದ್ದು 15–20 ನಿಮಿಷದೊಳಗೆ ಎರಡನೆಯದನ್ನು ಎಬ್ಬಿಸಿ ಹಾಲು ಕೊಡಿ. ಹೀಗೆ ಎರಡು ಮೂರು ವಾರ ಬಿಡದೆ ಮಾಡಿದರೆ ಇಬ್ಬರ ಹಸಿವಿನ ಹೊತ್ತು ಹತ್ತಿರ ಬರುತ್ತದೆ. ಒಂದರ ಅಳುವಿಗೆ ಇನ್ನೊಂದು ಏಳುತ್ತದೆ ಎಂದು ಬೇರೆ ಕೋಣೆಗೆ ಸಾಗಿಸಬೇಡಿ, ಕೆಲವೇ ವಾರದಲ್ಲಿ ಆ ಸದ್ದಿಗೂ ಒಗ್ಗಿಕೊಳ್ಳುತ್ತಾರೆ.

ಬಾಣಂತಿಯ ಪಾಳಿ

ರಾತ್ರಿ 9ರಿಂದ 2, 2ರಿಂದ 7 ಎಂದು ಇಬ್ಬರು ದೊಡ್ಡವರು ಪಾಳಿ ಹಂಚಿಕೊಳ್ಳಿ. ಒಂದು ಹಾಲಿನ ಹೊತ್ತನ್ನು ಹಿಂಡಿಟ್ಟ ಹಾಲಿನಲ್ಲಿ ನಿಭಾಯಿಸಿದರೆ ತಾಯಿಗೆ ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಸಿಗುತ್ತದೆ, ಅದಕ್ಕಿಂತ ಕಡಿಮೆಯಾಗಬಾರದು. ವಿದೇಶದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಎರಡೂ ಕಡೆಯ ಅಜ್ಜಿಯರು ಒಂದೇ ಸಲ ಬಂದು ಒಂದೇ ಸಲ ವಾಪಸ್ ಹೋಗುತ್ತಾರೆ, ಉಳಿದ ಆರು ತಿಂಗಳು ಯಾರೂ ಇರುವುದಿಲ್ಲ. ಒಬ್ಬರ ನಂತರ ಒಬ್ಬರನ್ನು ಕರೆಸಿಕೊಳ್ಳಿ.

ಬಾಣಂತಿಗೆ ನೀರು ಕೊಡಬಾರದು, ಬರೀ ಸಾರನ್ನ ಸಾಕು ಎಂಬ ಪದ್ಧತಿಯನ್ನು ಇಲ್ಲಿ ಬಿಡಲೇಬೇಕು. ಒಂದು ಮಗುವಿಗೆ ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ. ಎರಡು ಮಕ್ಕಳಿಗೆ ಅದಕ್ಕೂ ಸಾಕಷ್ಟು ಹೆಚ್ಚು. ದಿನಕ್ಕೆ ಮೂರರ ಬದಲು ಐದು ಊಟ, ಪ್ರತಿಯೊಂದರಲ್ಲೂ ಬೇಳೆ, ಮೊಟ್ಟೆ, ಮೊಸರು ಅಥವಾ ಕಾಳು ಇರಲಿ. ಹಾಲು ಕೊಡಲು ಕೂತಾಗಲೆಲ್ಲ ಕೈಗೆಟಕುವಂತೆ ಒಂದು ಲೋಟ ನೀರು ಇರಲಿ. ರಕ್ತಹೀನತೆಗೆ ಬರೆದ ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ.

ಎರಡು ವಾರ ಮೀರಿಯೂ ಅಳು ನಿಲ್ಲದಿದ್ದರೆ, ಮಕ್ಕಳು ಮಲಗಿದರೂ ನಿದ್ದೆ ಬರದಿದ್ದರೆ, ಮಕ್ಕಳ ಮೇಲೆ ಮನಸ್ಸೇ ಹೋಗದಿದ್ದರೆ ಅದು ಸುಸ್ತಲ್ಲ, ಖಿನ್ನತೆ ಇರಬಹುದು. ಅವಳಿಗಳ ತಾಯಂದಿರಲ್ಲಿ ಇದು ಹೆಚ್ಚು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನ ಜೊತೆಯೇ ದಾಖಲು ಮಾಡಿಕೊಳ್ಳುವ ವಿಭಾಗವಿದೆ. ಮಗುವಿಗೆ ಅಥವಾ ತನಗೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಡ್ರಾಪ್ಸ್, ಲಸಿಕೆ, ಜ್ವರ

ವಿಟಮಿನ್ ಡಿ ದಿನಕ್ಕೆ 400 ಐಯು. ಅಂಗಡಿಯಲ್ಲಿ ಒಂದು ಎಂಎಲ್‌ಗೆ 400 ಇರುವುದೂ ಸಿಗುತ್ತದೆ, 800 ಇರುವುದೂ ಸಿಗುತ್ತದೆ. ಬ್ರ್ಯಾಂಡ್ ಬದಲಾದಾಗ ಶೀಶೆಯ ಮೇಲಿನ ಅಂಕಿ ಓದಿ. ತಿಂಗಳು ತುಂಬದ ಮಕ್ಕಳಿಗೆ ಕೆಲವು ವಾರದ ನಂತರ ಕಬ್ಬಿಣದ ಡ್ರಾಪ್ಸ್ ಶುರುವಾಗುತ್ತದೆ, ಅದು ತೂಕದ ಲೆಕ್ಕ. ಎರಡು ಮಕ್ಕಳ ತೂಕ ಬೇರೆಯಾದರೆ ಡೋಸೂ ಬೇರೆ. ಅವಳಿಗಳಲ್ಲಿ ಆಗುವ ಸಾಮಾನ್ಯ ಎಡವಟ್ಟು ಎಂದರೆ ಒಂದೇ ಮಗುವಿಗೆ ಎರಡು ಸಲ, ಇನ್ನೊಂದಕ್ಕೆ ಸೊನ್ನೆ. ಬೆಳಿಗ್ಗೆ ಒಂದೇ ಹೊತ್ತು, ಒಬ್ಬರೇ ಹಾಕುವುದು, ಹಾಕಿದ ಕೂಡಲೇ ಪುಸ್ತಕದಲ್ಲಿ ಟಿಕ್. ಎರಡು ಶೀಶೆ ಇಟ್ಟು ಮುಚ್ಚಳಕ್ಕೆ ಬೇರೆ ಬಣ್ಣದ ಟೇಪ್ ಸುತ್ತಿ.

ಜ್ವರದ ಔಷಧಿಯಲ್ಲೂ ಹೀಗೇ. ಪ್ಯಾರಾಸಿಟಮಾಲ್ ಡ್ರಾಪ್ಸ್ ಒಂದು ಎಂಎಲ್‌ನಲ್ಲಿ 100 ಮಿ.ಗ್ರಾಂ, 125ರ ಸಿರಪ್ (ಐದು ಎಂಎಲ್‌ಗೆ 125 ಮಿ.ಗ್ರಾಂ) ಒಂದು ಎಂಎಲ್‌ನಲ್ಲಿ 25 ಮಿ.ಗ್ರಾಂ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ನಾಲ್ಕು ಪಟ್ಟು ಹೆಚ್ಚು ಕಡಿಮೆ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಔಷಧಿ ಹಾಕಿ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಲಸಿಕೆ ಹುಟ್ಟಿದ ತಾರೀಖಿನ ಲೆಕ್ಕದಲ್ಲೇ: 6, 10, 14 ವಾರ, ಆಮೇಲೆ 9 ತಿಂಗಳು. ತಿಂಗಳು ತುಂಬದೆ ಹುಟ್ಟಿದರು, ಇನ್ನೂ ಸಣ್ಣಗಿದ್ದಾರೆ ಎಂದು ಮುಂದೂಡಬೇಡಿ, ಸೋಂಕು ಹೆಚ್ಚು ಕಾಡುವುದು ಅವರನ್ನೇ. ಹುಟ್ಟಿದಾಗಿನ ಡೋಸ್ ಮಾತ್ರ ತೀರಾ ಕಡಿಮೆ ತೂಕದವರಿಗೆ ಡಾಕ್ಟರು ತುಸು ತಡಮಾಡಬಹುದು. ಇಬ್ಬರಿಗೂ ಒಂದೇ ದಿನ ಹಾಕಿಸಿದರೆ ಓಡಾಟ ಉಳಿಯುತ್ತದೆ, ಆದರೆ ಜೊತೆಗೆ ಇಬ್ಬರು ದೊಡ್ಡವರು ಹೋಗಿ. ಕಾರ್ಡಿನ ಹೆಸರು ನೋಡಿಯೇ ಮಗುವನ್ನು ನರ್ಸ್ ಮುಂದೆ ಹಿಡಿಯಿರಿ. ಆಶಾ ಕಾರ್ಯಕರ್ತೆ ಆಸ್ಪತ್ರೆಯ ಹೆರಿಗೆಯಾದವರ ಮನೆಗೆ 3, 7, 14, 21, 28, 42ನೇ ದಿನ ಬರಬೇಕು. ಎರಡೂ ಮಕ್ಕಳನ್ನು ಬೇರೆ ಬೇರೆ ತೂಗಿಸಿ, ಬರೆಸಿಕೊಳ್ಳಿ.

ತಕ್ಷಣ ಆಸ್ಪತ್ರೆಗೆ ಓಡಬೇಕಾದ ಲಕ್ಷಣ: ಹಾಲು ಕುಡಿಯುವುದನ್ನು ಬಿಡುವುದು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು (ಪೂರ್ತಿ ಒಂದು ನಿಮಿಷ ಎಣಿಸಿ), ಎದೆಗೂಡಿನ ಕೆಳಭಾಗ ಒಳಕ್ಕೆ ಸೇದುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ಅಂಗೈ–ಅಂಗಾಲು ಹಳದಿಯಾಗುವುದು, ಫಿಟ್ಸ್, ಬಟ್ಟೆಯಂತೆ ಜೋತುಬೀಳುವುದು. ಒಂದಕ್ಕೆ ಕಾಯಿಲೆಯಾದರೆ ಇನ್ನೊಂದನ್ನೂ ತೋರಿಸಿಕೊಂಡು ಬನ್ನಿ.

ವಯಸ್ಸು ಎಣಿಸುವುದು ಎಲ್ಲಿಂದ?

‘ಐದು ತಿಂಗಳಾಯ್ತು, ಇನ್ನೂ ಬೋರಲು ಬೀಳ್ತಿಲ್ಲ’ ಎಂಬ ಆತಂಕಕ್ಕೆ ಅರ್ಧ ಸಲ ಉತ್ತರ ಕ್ಯಾಲೆಂಡರಿನಲ್ಲಿದೆ. ಬೆಳವಣಿಗೆ ನೋಡುವಾಗ ಹುಟ್ಟಿದ ದಿನದಿಂದ ಎಣಿಸದೆ ಹೆರಿಗೆಗೆ ಡಾಕ್ಟರು ಕೊಟ್ಟಿದ್ದ ತಾರೀಖಿನಿಂದ ಎಣಿಸಬೇಕು. ಡ್ಯೂ ಡೇಟ್ ಆಗಸ್ಟ್ 12, ಮಕ್ಕಳು ಹುಟ್ಟಿದ್ದು ಜುಲೈ 1ಕ್ಕೆ, ಆರು ವಾರ ಮುಂಚೆ. ಡಿಸೆಂಬರ್ 1ಕ್ಕೆ ಹುಟ್ಟಿದ ಲೆಕ್ಕದಲ್ಲಿ ಐದು ತಿಂಗಳು, ಬೆಳವಣಿಗೆಯ ಲೆಕ್ಕದಲ್ಲಿ ಮೂರೂವರೆ. ಮೂರೂವರೆ ತಿಂಗಳ ಮಗು ಬೋರಲು ಬೀಳಬೇಕಿಲ್ಲ, ಕತ್ತು ನಿಲ್ಲುತ್ತಿದ್ದರೆ ಸಾಕು. ಎರಡು ವರ್ಷದವರೆಗೆ ಇದೇ ಲೆಕ್ಕ. ತೂಕ–ಉದ್ದದ ಚಾರ್ಟಿಗೂ ಇದೇ. ಲಸಿಕೆ ಮತ್ತು ಕಣ್ಣಿನ ಪರೀಕ್ಷೆಗೆ ಮಾತ್ರ ಹುಟ್ಟಿದ ದಿನ.

ಹೀಗೆ ಸರಿಪಡಿಸಿದ ವಯಸ್ಸಿನಲ್ಲಿ ಎರಡು ತಿಂಗಳ ಸುಮಾರಿಗೆ ಮುಖ ನೋಡಿ ನಗುವುದು, 3–4ಕ್ಕೆ ಕತ್ತು ನಿಲ್ಲುವುದು, 5–6ಕ್ಕೆ ಬೋರಲು ಬೀಳುವುದು. ಅಲ್ಲಿಂದ ಮುಂದೆ ಹರವು ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ, ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ, ಅಂಬೆಗಾಲು 5.2ರಿಂದ 13.5, ಒಂಟಿಯಾಗಿ ನಡೆಯುವುದು 8.2ರಿಂದ 17.6. ಶೇ. 4ರಷ್ಟು ಮಕ್ಕಳು ಅಂಬೆಗಾಲನ್ನೇ ಇಡದೆ ನೇರ ನಿಂತು ನಡೆದವು. ಹಾಗಾಗಿ ಒಂದು ಹತ್ತು ತಿಂಗಳಿಗೆ ನಡೆದು ಇನ್ನೊಂದು ಹದಿನಾಲ್ಕಕ್ಕೆ ನಡೆದರೆ ಇಬ್ಬರೂ ಸರಿ. ಮನೆಗೆ ಬಂದವರು ‘ಇದು ಚುರುಕು, ಅದು ಮಂದ’ ಎಂದು ಹೇಳಿಹೋಗುತ್ತಾರೆ. ಅದನ್ನು ಮನೆಯವರು ಪುನರುಚ್ಚರಿಸದಿದ್ದರೆ ಸಾಕು.

ಬೆಳವಣಿಗೆಗೆ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಎಚ್ಚರವಿರುವಾಗ ಇಬ್ಬರನ್ನೂ ಚಾಪೆಯ ಮೇಲೆ ಎದುರುಬದುರಾಗಿ ಹೊಟ್ಟೆಯ ಮೇಲೆ ಮಲಗಿಸಿ, ಮೊದಲು ಎರಡು ಮೂರು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ವಾರ ವಾರಕ್ಕೆ ಹೆಚ್ಚಿಸುತ್ತಾ. ಅವಳಿಗಳನ್ನು ಅನುಕೂಲಕ್ಕೆಂದು ಮಲಗಿಸಿಯೇ ಇಡುವುದು ಹೆಚ್ಚು, ತಲೆಯ ಹಿಂಭಾಗ ಚಪ್ಪಟೆಯಾಗಲು ಕಾರಣ ಅದೇ. ಮಲಗುವಾಗ ತಲೆ–ಕಾಲಿನ ದಿಕ್ಕನ್ನು ದಿನ ಬಿಟ್ಟು ದಿನ ಬದಲಾಯಿಸಿ. ವಾಕರ್ ಕೊಳ್ಳಬೇಡಿ, ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿನಿಂದ ಉರುಳುವುದು ಬೇಗ.

ಮಾತು ಅವಳಿಗಳಲ್ಲಿ ಸ್ವಲ್ಪ ನಿಧಾನ, ಕಾರಣ ಸರಳ: ಎಲ್ಲರೂ ಇಬ್ಬರ ಜೊತೆ ಒಟ್ಟಿಗೆ ಮಾತಾಡುತ್ತಾರೆ, ಒಬ್ಬೊಬ್ಬರ ಕಣ್ಣು ನೋಡಿ ಮಾತಾಡುವುದು ಕಡಿಮೆ. ದಿನಕ್ಕೆ ಒಮ್ಮೆಯಾದರೂ ಪ್ರತಿ ಮಗುವಿಗೆ 10–15 ನಿಮಿಷ ಒಂಟಿಯಾಗಿ ಸಿಗಲಿ. ಎಣ್ಣೆ ಹಚ್ಚುವಾಗ, ಬಟ್ಟೆ ಹಾಕುವಾಗ ಹೆಸರು ಹಿಡಿದು ಕರೆದು, ಏನು ಮಾಡುತ್ತಿದ್ದೀರೋ ಅದನ್ನೇ ಹೇಳುತ್ತಾ ಹೋಗಿ: ‘ಈಗ ಎಡಗೈ, ಎಲ್ಲಿ ಎಡಗೈ?’ ಮಗು ‘ಆ’ ಅಂದರೆ ತಿರುಗಿ ‘ಆ’ ಅನ್ನಿ, ಮತ್ತೆ ಅದು ಹೇಳಲು ಬಿಡಿ. ಇಬ್ಬರನ್ನೂ ಸೇರಿಸಿ ‘ಚಿನ್ನುಗಳಾ’ ಎಂದೇ ಕರೆದರೆ ಸ್ವಂತ ಹೆಸರಿಗೆ ತಿರುಗುವುದು ತಡವಾಗುತ್ತದೆ.

ಕಾಯದೆ ತೋರಿಸಬೇಕಾದ್ದು, ಎಲ್ಲವೂ ಸರಿಪಡಿಸಿದ ವಯಸ್ಸಿನಲ್ಲಿ: ಮೂರು ತಿಂಗಳಾದರೂ ನಗು, ಕಣ್ಣು ಹಾಯಿಸಿ ನೋಡುವುದು ಇಲ್ಲದಿರುವುದು, ಐದಾದರೂ ಕತ್ತು ನಿಲ್ಲದಿರುವುದು, ನಾಲ್ಕು ತಿಂಗಳ ನಂತರವೂ ಮುಷ್ಟಿ ಸದಾ ಬಿಗಿದಿರುವುದು, ಡೈಪರ್ ಹಾಕುವಾಗ ಕಾಲು ಕತ್ತರಿಯಂತೆ ಬಿಗಿಯಾಗಿ ಕೂಡಿಕೊಳ್ಳುವುದು, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುವುದು, ಹತ್ತು ತಿಂಗಳಾದರೂ ಕೂರದಿರುವುದು, ವರ್ಷವಾದರೂ ‘ಬಬ, ಮಮ’ ಇಲ್ಲದಿರುವುದು, ಹೆಸರಿಗೆ ತಿರುಗದಿರುವುದು. ಕಲಿತದ್ದನ್ನು ಮರೆತರಂತೂ ಯಾವ ವಯಸ್ಸಿನಲ್ಲಾದರೂ ತಡಮಾಡಬೇಡಿ. ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಜನ ಡಿಇಐಸಿ ಎನ್ನುವುದು, ಇದಕ್ಕೇ ಇರುವುದು. ಕಿವಿ, ಮಾತಿನ ಅನುಮಾನವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಮೊದಲ ತುತ್ತು

ಆರು ತಿಂಗಳಿಗೆ, ಕತ್ತು ಚೆನ್ನಾಗಿ ನಿಂತ ಮೇಲೆ. ತಿಂಗಳು ತುಂಬದೆ ಹುಟ್ಟಿದವರಿಗೆ ಯಾವಾಗ ಎಂದು ಡಾಕ್ಟರನ್ನು ಕೇಳಿ. ಒಂದು ಮಗು ತಯಾರಾಗಿ ಇನ್ನೊಂದು ಆಗಿಲ್ಲದಿದ್ದರೆ ಎರಡು ವಾರ ಹಿಂದೆ ಮುಂದೆ ಶುರುಮಾಡಿದರೂ ನಡೆಯುತ್ತದೆ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ರಾಗಿ ಹಿಟ್ಟು ಇಬ್ಬರಿಗೆ ಎರಡು ದೊಡ್ಡ ಚಮಚ, ನೀರು ಸುಮಾರು 200 ಎಂಎಲ್. ಹಿಟ್ಟನ್ನು ತಣ್ಣೀರಿನಲ್ಲೇ ಕದಡಿ ಒಲೆಗಿಡಿ. ಬಿಸಿನೀರಿಗೆ ಹಾಕಿದರೆ ಗಂಟಾಗುತ್ತದೆ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಎಂಟು ಹತ್ತು ನಿಮಿಷ, ಇಳಿಸಿ ಅರ್ಧ ಚಮಚ ತುಪ್ಪ. ಚಮಚ ಓರೆ ಮಾಡಿದರೆ ಹರಿದು ಬೀಳಬಾರದು. ತೆಳ್ಳಗಿನ ಸರಿ ಹೊಟ್ಟೆ ತುಂಬಿಸುತ್ತದೆ, ತೂಕ ಕೊಡುವುದಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಕಬ್ಬಿಣಕ್ಕೆ ಅದೊಂದೇ ಸಾಲದು. ಎರಡನೇ ವಾರದಿಂದ ಹೆಸರುಬೇಳೆ ಅನ್ನ, ಆಮೇಲೆ ಮೊಟ್ಟೆ, ತಿನ್ನುವ ಮನೆಯಾದರೆ ನುಣ್ಣಗೆ ಬೇಯಿಸಿದ ಮಾಂಸ. ಮೊಟ್ಟೆ, ಕಡಲೆಕಾಯಿಯಂಥ ಹೊಸ ಪದಾರ್ಥವನ್ನು ಬೆಳಿಗ್ಗೆ ಕೊಡಿ, ಮೈ ಗಂಧೆ ಎದ್ದರೆ ಹಗಲಲ್ಲೇ ತಿಳಿಯುತ್ತದೆ. ಕಡಲೆಕಾಯಿ ನುಣ್ಣಗೆ ಅರೆದೇ ಕೊಡಬೇಕು. 6–8 ತಿಂಗಳಿಗೆ ದಿನಕ್ಕೆ 2–3 ಸಲ, 9–11ಕ್ಕೆ 3–4 ಸಲ. ಉಪ್ಪು, ಸಕ್ಕರೆ ವರ್ಷದವರೆಗೆ ಬೇಡ.

ಇಬ್ಬರನ್ನೂ ಎದುರು ಕೂರಿಸಿ ಒಂದು ತುತ್ತು ಅದಕ್ಕೆ, ಒಂದು ಇದಕ್ಕೆ ಕೊಡುವುದು ಬೇಗ ಮುಗಿಯುವ ವಿಧಾನ. ಆದರೆ ಬಟ್ಟಲು ಎರಡಿರಲಿ. ಒಂದೇ ಬಟ್ಟಲಾದರೆ ಚುರುಕು ಬಾಯಿಯ ಮಗು ಮುಕ್ಕಾಲು ತಿಂದಿರುತ್ತದೆ, ‘ಇಬ್ಬರೂ ತಿಂದರು’ ಎಂದು ನಾವು ಅಂದುಕೊಂಡಿರುತ್ತೇವೆ.

ಎರಡು ದಿಕ್ಕಿಗೆ ಓಡುವ ಮುಂಚೆ

ಒಂದು ಅಂಬೆಗಾಲಿಡಲು ಶುರುಮಾಡಿದ ದಿನವೇ ಇಬ್ಬರಿಗೂ ಆಗುವಂತೆ ಮನೆ ಸರಿಮಾಡಿ. ಮೆಟ್ಟಿಲಿಗೆ ಗೇಟ್, ಕಪಾಟು–ಟಿವಿ ಸ್ಟ್ಯಾಂಡ್ ಗೋಡೆಗೆ ಬಿಗಿಯಾಗಿ, ಸೊಳ್ಳೆಬತ್ತಿ–ಫಿನಾಯಿಲ್ ಎತ್ತರಕ್ಕೆ, ರಿಮೋಟಿನ ಬಟನ್ ಸೆಲ್ ಮುಚ್ಚಳಕ್ಕೆ ಟೇಪ್. ದೇವರಮನೆಯ ದೀಪ ನೆಲದಲ್ಲಿದ್ದರೆ ಮೇಲಕ್ಕೇರಲಿ. ಫೋನ್ ರಿಂಗಾದಾಗ ಒಂದನ್ನು ಎತ್ತಿಕೊಂಡು ಇನ್ನೊಂದನ್ನು ‘ಒಂದು ನಿಮಿಷ’ ಬಿಡುವ ಸಂದರ್ಭಕ್ಕೆ ಮನೆಯಲ್ಲಿ ಒಂದು ಸುರಕ್ಷಿತ ಜಾಗ ಬೇಕು, ಆಟದ ಕಟಾಂಜನವಾದರೂ ಸರಿ, ಗೇಟ್ ಹಾಕಿದ ಒಂದು ಕೋಣೆಯಾದರೂ ಸರಿ. ಸ್ನಾನವನ್ನು ಈ ವಯಸ್ಸಿನಲ್ಲಿ ಒಬ್ಬರೇ ಇದ್ದಾಗ ಒಂದಾದ ಮೇಲೆ ಒಂದಕ್ಕೆ ಮಾಡಿಸಿ, ಆ ಹೊತ್ತಿಗೆ ಇನ್ನೊಂದು ಆ ಜಾಗದಲ್ಲೇ ಇರಲಿ. ಬಚ್ಚಲುಮನೆಗೆ ಹೊರಗಿನಿಂದ ಮೇಲುಚಿಲಕ ಹಾಕಿಸಿ, ಬಳಸಿದ ಬಕೆಟ್ಟುಗಳನ್ನು ಖಾಲಿ ಮಾಡಿ ಬೋರಲು ಹಾಕಿಡಿ. ಅರ್ಧ ಬಕೆಟ್ ನೀರಿಗೆ ಬಗ್ಗಿದ ಮಗುವಿಗೆ ತಲೆಭಾರದಿಂದ ಮೇಲೇಳಲು ಆಗುವುದಿಲ್ಲ, ಸದ್ದೂ ಬರುವುದಿಲ್ಲ.